ಅವಳಿಗಳ ಅಪ್ಪ

ವಿಭಾಗದ ಮುಖ್ಯಸ್ಥೆಯ ಕುರ್ಚಿ ಅಕ್ಕನಿಗೆ ಎಂದು ಮ್ಯಾನೇಜರ್ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ. ಅಂಗೈ ಉರಿಯಿತು. ಹೊಟ್ಟೆಯೂ ಉರಿಯಿತು.

ಹನ್ನೊಂದು ಆಸ್ಪತ್ರೆಗಳಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ ವರದಿ ಕಳಿಸುವುದು ಆ ಕಚೇರಿಯ ಕೆಲಸ. ಯಾವ ಔಷಧ ಎಷ್ಟಿದೆ, ಯಾವ ಗುಂಪಿನ ರಕ್ತ ಮುಗಿಯುತ್ತಿದೆ ಎಂಬ ವರದಿ. ಅದು ಒಂದು ದಿನವೂ ತಪ್ಪಬಾರದೆಂದು ಒಂದು ಸರ್ವರಿಗೆ ಜೊತೆಯಾಗಿ ಇನ್ನೊಂದನ್ನು ಇಡುವ ಯೋಜನೆ ಅವನದು. ಎರಡನೆಯದು ಅರ್ಧ ನಿಮಿಷಕ್ಕೊಮ್ಮೆ ಮೊದಲನೆಯದರ ನಾಡಿ ನೋಡುತ್ತದೆ. ಮೂರು ಸಲ ಉತ್ತರ ಬರದಿದ್ದರೆ ತಾನೇ ಕೆಲಸ ವಹಿಸಿಕೊಳ್ಳುತ್ತದೆ. ಅದಕ್ಕೇ ಕಚೇರಿಯಲ್ಲಿ ಅವನನ್ನು ‘ಅವಳಿಗಳ ಅಪ್ಪ’ ಎಂದು ಛೇಡಿಸುತ್ತಿದ್ದರು. ಹೆಸರು ಅವನಿಗೆ, ಕುರ್ಚಿ ಅಕ್ಕನಿಗೆ.

ಸ್ವಂತ ಅಕ್ಕನಲ್ಲ. ಪಕ್ಕದ ಮೇಜಿನವಳು, ಸೇರಿದ ಮೊದಲ ದಿನದಿಂದ ಕೈ ಹಿಡಿದು ಕೆಲಸ ಕಲಿಸಿದವಳು. ಅದನ್ನು ನೆನೆಯದಿರಲು ಅವನು ಬಹಳ ಕಷ್ಟಪಟ್ಟ.

ಉಪಾಯ ಸರಳವಾಗಿತ್ತು. ತಿಂಗಳಿಗೊಂದು ಬುಧವಾರ, ಹತ್ತಕ್ಕೆ ಹತ್ತು ನಿಮಿಷವಿರುವಾಗ, ಅಕ್ಕ ಮೊದಲ ಸರ್ವರನ್ನು ನಿಲ್ಲಿಸುತ್ತಾಳೆ. ಅದು ಮತ್ತೆ ಏಳಲು ಇಪ್ಪತ್ತು ನಿಮಿಷ ಬೇಕು. ವರದಿಯ ಹೊತ್ತಿಗೇ ಪರೀಕ್ಷೆ ಆಗಬೇಕು ಎನ್ನುವುದು ಅವಳ ಹಟ. ಅಂದು ಎರಡನೆಯದು ಏಳದಿದ್ದರೆ? ಹನ್ನೊಂದು ಆಸ್ಪತ್ರೆಗಳಿಂದ ಫೋನು. ಆಗ ಅವನು ಎದ್ದು, “ಇರಿ ಸಾರ್, ನಾನು ನೋಡ್ತೀನಿ” ಎನ್ನುವುದು. ಇಪ್ಪತ್ತು ನಿಮಿಷ ತಡವಾದರೆ ಯಾರೂ ಸಾಯುವುದಿಲ್ಲ ಎಂದು ಅವನು ತನಗೇ ಹೇಳಿಕೊಂಡ. ಮತ್ತೆ ಮತ್ತೆ ಹೇಳಿಕೊಳ್ಳಬೇಕಾಯಿತು.

ಮಂಗಳವಾರ ಅಕ್ಕ ಊಟಕ್ಕೆ ಕೈ ತೊಳೆಯಲು ಹೋದಾಗ ಎರಡನೆಯ ಸರ್ವರಿನಲ್ಲಿ, ಯಾರ ನಾಡಿ ನೋಡಬೇಕೆಂಬ ವಿಳಾಸದ ಒಂದೇ ಒಂದು ಅಂಕಿ ಬದಲಿಸಿದ. ಇನ್ನು ಅದು ಮೊದಲನೆಯದರ ನಾಡಿ ನೋಡುವುದಿಲ್ಲ. ತನ್ನ ನಾಡಿಯನ್ನೇ ತಾನು ಹಿಡಿದು ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಬದಲಿಸಿದ್ದು ಅಕ್ಕನ ಪಾಸ್‌ವರ್ಡ್‌ನಿಂದ. ತನ್ನ ತಾಯಿಗೆ ಹುಷಾರಿಲ್ಲದೆ ರಜೆ ಹಾಕಿದ ವಾರ ಅವಳೇ ನಂಬಿ ಕೊಟ್ಟಿದ್ದಳು. ಯಾವ ಮೇಜಿನಿಂದ ಬದಲಾಯಿತು ಎಂಬ ಸಾಲನ್ನು ಎರಡೂ ಸರ್ವರುಗಳ ದಾಖಲೆಯಿಂದ ಅಳಿಸಿದ. ಅವಳ ಹೆಸರಷ್ಟೇ ಉಳಿಯಿತು.

ಅಕ್ಕ ಬಂದು ಇಬ್ಬರ ಊಟದ ಡಬ್ಬಿಯನ್ನೂ ತನ್ನ ಮೇಜಿನ ಕೆಳಗಿನಿಂದ ಎತ್ತಿಕೊಂಡಳು. ಅವಳಿಗಳು ಬಂದ ದಿನ ನಿವೃತ್ತಿಯಾದ ಹಳೇ ಸರ್ವರ್ ಅಲ್ಲಿತ್ತು. ಅದರ ಮೇಲಿಟ್ಟರೆ ಊಟ ಆರುತ್ತಿರಲಿಲ್ಲ.

“ಯಾಕೋ ಸಪ್ಪಗಿದ್ದೀಯಾ? ಅವಳಿಗಳು ನಿದ್ದೆ ಮಾಡೋಕೆ ಬಿಡ್ಲಿಲ್ವಾ?”

“ಹಾಗೇನಿಲ್ಲ ಅಕ್ಕಾ.”

“ತಗೋ, ಇದನ್ನೂ ತಿನ್ನು. ಕಡ್ಡಿ ಹಾಗಾಗಿದ್ದೀಯ.” ತನ್ನ ಪಾಲಿನ ಸಿಹಿಯಲ್ಲಿ ಅರ್ಧ ಮುರಿದು ಹಾಕಿದಳು. ಅವನು ಅದನ್ನೂ ತಿಂದು ಮುಗಿಸಿದ. ಈಗಲೂ ಆ ಅಂಕಿಯನ್ನು ಮೊದಲಿನಂತೆ ಮಾಡಬಹುದಿತ್ತು. ಮಾಡಲಿಲ್ಲ.

ಬುಧವಾರ ಹತ್ತು ಗಂಟೆ. ಹತ್ತು ನಿಮಿಷದ ಹಿಂದೆಯೇ ಅಕ್ಕ ಮೊದಲ ಸರ್ವರನ್ನು ನಿಲ್ಲಿಸಿದ್ದಳು. ಅವನ ಕೈ ಫೋನಿನ ಪಕ್ಕದಲ್ಲಿತ್ತು. ಫೋನು ಬಡಿದುಕೊಳ್ಳಲಿಲ್ಲ. ಅವನ ಪರದೆಯ ಮೇಲೆಯೇ ವರದಿ ಬಂದು ಬಿತ್ತು, ಹತ್ತಕ್ಕೆ ಸರಿಯಾಗಿ.

ಮ್ಯಾನೇಜರ್ ಧಾವಿಸಿ ಬಂದರು. “ಮೇಡಂ, ಎರಡನೇ ಸರ್ವರ್ ಎದ್ದೇ ಇಲ್ವಲ್ಲ! ಮತ್ತೆ ವರದಿ ಕಳಿಸಿದ್ದು ಯಾರು?”

“ಅಜ್ಜಿ ಸಾರ್. ಹಳೇ ಸರ್ವರ್,” ಅಕ್ಕ ನಕ್ಕಳು. “ಅವಳಿಗಳಲ್ಲವಾ, ಒಂದಕ್ಕೆ ನೆಗಡಿಯಾದ್ರೆ ಇನ್ನೊಂದಕ್ಕೂ ಆಗುತ್ತೆ. ಅದಕ್ಕೇ ಅಜ್ಜಿನ ಕಾವಲಿಗೆ ಇಟ್ಕೊಂಡಿದ್ದೆ. ಅವಳಿಗಳ ದಾಖಲೆನೂ ಬರೆದ ಕೂಡಲೇ ಇದ್ರಲ್ಲಿ ನಕಲಾಗುತ್ತೆ. ಏನಾಯ್ತು ಅಂತ ಈಗಲೇ ನೋಡೋಣ.”

ಸಾಲು ಸಾಲಾಗಿ ಓದುತ್ತ ಹೋದವಳು ಒಂದು ಕಡೆ ನಿಂತಳು. ತನ್ನ ಹೆಸರು. ಮುಂದೆ ಪಕ್ಕದ ಮೇಜಿನ ಸಂಖ್ಯೆ. ಅವಳು ಅವನತ್ತ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಕಲಿಸುವಾಗ ತಾನೆಲ್ಲಿ ತಪ್ಪಿದೆ ಎಂದು ಹುಡುಕುವವಳ ಹಾಗೆ ನೋಡಿದಳು.

ಆ ನೋಟ ತಾಳಲಾರದೆ ಅವನು ಕಣ್ಣು ತಗ್ಗಿಸಿದ. ಅಕ್ಕನ ಮೇಜಿನ ಕೆಳಗೆ, ಹಳೇ ಸರ್ವರಿನ ಪೆಟ್ಟಿಗೆಯ ಮೇಲೆ, ಎರಡು ಡಬ್ಬಿಗಳು ಎಂದಿನಂತೆ ಕೂತಿದ್ದವು. ಎರಡು ವರ್ಷ ದಿನಾ ಅಲ್ಲಿಂದ ಬಿಸಿ ಊಟ ಉಂಡಿದ್ದ. ಅಕ್ಕನ ಅಕ್ಕರೆಯ ಹಾಗೆ ಆ ಬಿಸಿಯೂ ತನಗೆ ಸಲ್ಲತಕ್ಕದ್ದೇ ಎಂದುಕೊಂಡಿದ್ದ. ನಿಂತುಹೋದ ಯಂತ್ರ ತಣ್ಣಗಿರಬೇಕಲ್ಲವೇ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.