ಇಂದಾಪುರದ ಟ್ಯಾಂಕು ಬಿಸಿಯಾದ ದಿನ

"ನಿಲ್ಲೋ!"

ಶಮಂತ್ ನಿಲ್ಲಲಿಲ್ಲ. ಪುಣೆಯ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಗಳ ಸಂದಿಗೆ ನುಗ್ಗಿದ. ಹಿಂದೆ ನಾನು. ನನ್ನ ಹಿಂದೆ ಮಾಯಾ ಮೇಡಂ ಕಳಿಸಿದ ಇಬ್ಬರು ಪೈಲ್ವಾನರು... ಅವರ ಉಸಿರು, ಕಬ್ಬು ತುಂಬಿದ ಗಾಡಿ ದಿಬ್ಬ ಏರಿದಂತೆ ಕೇಳುತ್ತಿತ್ತು.

ಮೊಟ್ಟೆಯ ಟ್ರೇ ಹೊತ್ತವನೊಬ್ಬ ಅಡ್ಡ ಬಂದ. ಶಮಂತ್ ಪಕ್ಕಕ್ಕೆ ಹಾರಿದ.

ನಾನು ಹಾರಲಿಲ್ಲ!

ಲೋಳೆ ಮೆತ್ತಿದ ಅಂಗಿಯಲ್ಲೇ ಓಡಿ, ಬೇಕರಿಯ ಮೂಲೆಯಲ್ಲಿ ಹಿಡಿದೆ. ಕೊರಳಪಟ್ಟಿ ಹಿಡಿದು ಶಟರಿಗೆ ಒತ್ತಿದೆ.

"ಯಾಕ ಓಡ್ತೀಯೋ ಮಗನ?"

"ನೀವ್ಯಾಕೆ ಅಟ್ಟಿಸ್ಕೊಂಡ್ ಬರ್ತಿದೀರ ಸಾರ್?"

ಉತ್ತರ ಸರಿಯಾಗಿಯೇ ಇತ್ತು. ಅದಕ್ಕೇ ಕಪಾಳಕ್ಕೆ ಬಾರಿಸಿದೆ.

ಯಾಕೆ ಅಂತೀರಾ ಸಾಹೇಬರೇ? ಕೇಳಿ.

ನಾನು ಈರಣ್ಣ. ಸಿಂದಗಿ ಕಡೆಯವನು. ಪುಣೆಯಲ್ಲಿ ಸಣ್ಣ ಕಂಪನಿಗಳ ಸರ್ವರ್ ಕೆಟ್ಟರೆ ನನ್ನನ್ನು ಕರೆಯುತ್ತಾರೆ. ಕೆಡಿಸಿದವನನ್ನು ಹಿಡಿಯಬೇಕಾದರೂ ನನ್ನನ್ನೇ. ಮಾಯಾ ಮೇಡಂ ಡೇರಿಯ ಮಾಲಕಿ. ಅಕ್ಕಲಕೋಟೆ ಕಡೆಯ ಹೆಣ್ಣುಮಗಳು, ಸಿಟ್ಟು ಬಂದರೆ ಕನ್ನಡ. ಆಫೀಸು ಕ್ಯಾಂಪಿನಲ್ಲಿ, ಹಾಲು ತಂಪು ಮಾಡುವ ಪ್ಲಾಂಟು ಇಂದಾಪುರದಲ್ಲಿ. ಅಲ್ಲಿನ ಯಂತ್ರವನ್ನು ನಡೆಸುವುದು ಇಲ್ಲಿನ ಸರ್ವರು.

ಅಂದು ಬೆಳಿಗ್ಗೆ ಶಿಫ್ಟ್ ಬದಲಾಯಿತು. ಸರ್ವರಿನಲ್ಲಿ ಯಂತ್ರ ನಡೆಸುವ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ಯಂತ್ರ ಅದರ ಮಾತೇ ಕೇಳಲಿಲ್ಲ.

"ಟ್ಯಾಂಕು ಬಿಸಿ ಆಗ್ಲಿಕತ್ತದ್ರಿ ಸಾಹೇಬ್ರ!" ಪ್ಲಾಂಟಿನ ಭೀಮಣ್ಣ ಫೋನಿನಲ್ಲಿ ಅರಚಿದ. "ಹಿಂಗ ಆದ್ರ ಹಾಲಲ್ಲ, ಮೊಸರ ಕಳಿಸ್ತೀನಿ ನೋಡ್ರಿ!"

ಆ ಸರ್ವರಿನ ಮೇಲೆ ಪೂರ್ತಿ ಅಧಿಕಾರ ಇದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಶಮಂತ್, ಡೇರಿಯಲ್ಲಿ ಸಂಬಳಕ್ಕಿದ್ದ ಸರ್ವರ್ ಅಡ್ಮಿನ್, ಹಾಸನದವನು. ಹಿಂದಿನ ದಿನವಷ್ಟೇ ಮೇಡಂ ಜೊತೆ ಜಗಳವಾಡಿ ರಾಜೀನಾಮೆ ಕೊಟ್ಟಿದ್ದ. "ನಾನು ಹೋದ್ಮೇಲೆ ಗೊತ್ತಾಗತ್ತೆ ನಿಮಗೆ" ಎಂದೂ ಅಂದಿದ್ದ.

ಇನ್ನೇನು ಬೇಕು? ಯಂತ್ರ ಆಮೇಲೆ, ಮೊದಲು ಕಳ್ಳ ಎಂದು ಹೊರಟೆ.

ಅವನ ಮನೆಯಲ್ಲಿ ಹೆಂಡತಿ ಇಂಪನಾ ಮಾತ್ರ ಇದ್ದಳು. ಮೆಟ್ಟಿಲ ಮೇಲೆ ನಿಂತು, ಅಕ್ಕಪಕ್ಕದ ಬಾಗಿಲೆಲ್ಲ ತೆರೆಯುವಷ್ಟು ಜೋರಾಗಿ, ಮರಾಠಿಯಲ್ಲಿ ಕೂಗಿದೆ. ನಿನ್ನ ಗಂಡ ಕಳ್ಳ! ಉಂಡ ಮನೆಗೆ ಎರಡು ಬಗೆದವನು! ಹೆದರಿದವರು ಬೇಗ ಬಾಯಿ ಬಿಡುತ್ತಾರೆ ಎಂಬುದು ನನ್ನ ಕಸುಬಿನ ನಂಬಿಕೆ.

ಅವಳು ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಸಕ್ಕುಬಾಯಿ ಬಿಟ್ಟಳು. ಸೂಟ್‌ಕೇಸ್ ಕೊಳ್ಳಲು ಕ್ಯಾಂಪಿಗೆ ಹೋಗಿದ್ದಾನಂತೆ!

ಸೂಟ್‌ಕೇಸ್... ಓಡಿಹೋಗುವವನಿಗೆ ಬೇಕಾದದ್ದೇ ಅದಲ್ಲವೇ?

ಹೀಗೆ ಹಿಡಿದು ಆಫೀಸಿಗೆ ಎಳೆದುಕೊಂಡು ಬಂದೆ. ಮೇಡಂ ಮೇಜಿನ ಹಿಂದಿನಿಂದ ಎದ್ದು ನಿಂತರು.

"ಹವಾಲ್ದಾರನ್ನ ಕರಿಸೀನಿ. ಹೊಂಟಾರ. ಇವತ್ತ ಇವನ್ನ ಒಳಗ ಹಾಕಸ್ತೀನಿ!"

"ಮೇಡಂ, ರಾಜೀನಾಮೆ ಕೊಟ್ಟ ಮೇಲೆ ನಾನು ಸರ್ವರ್ ಮುಟ್ಟೇ ಇಲ್ಲ." ಶಮಂತ್ ಕೆನ್ನೆ ಒತ್ತಿಕೊಂಡ. "ಸೋಮವಾರ ಹೈದರಾಬಾದ್‌ನಲ್ಲಿ ಜಾಯಿನ್ ಆಗ್ಬೇಕು. ಪೊಲೀಸ್ ಕೇಸ್ ಆದ್ರೆ ಯಾರೂ ಕೆಲಸ ಕೊಡಲ್ಲ."

"ಹಾಲ ಹಾಳ ಮಾಡೂ ಮುಂದ ಅದು ತಿಳೀಲಿಲ್ಲೇನು?" ಎಂದೆ ನಾನು. ಜಂಬದಿಂದ ಕೀಬೋರ್ಡ್ ಎಳೆದುಕೊಂಡೆ.

ಸರ್ವರಿನಲ್ಲಿ ಅಧಿಕಾರ ಗುಂಪಿನಿಂದ ಬರುತ್ತದೆ. ಪ್ರೋಗ್ರಾಮಿನ ಖಾತೆಯ ಹೆಸರು halu. ಅದು machine ಗುಂಪಿನಲ್ಲಿದ್ದರೆ ಯಂತ್ರ ಮುಟ್ಟಬಹುದು. report ಗುಂಪಿನಲ್ಲಿದ್ದರೆ ಮೇಡಂಗೆ ವರದಿ ಕಳಿಸಬಹುದು. ನೋಡಿದೆ. report ಒಂದೇ ಉಳಿದಿತ್ತು. machine ಇಲ್ಲ!

"ನೋಡ್ರಿ ಮೇಡಂ. ಗುಂಪಿನಿಂದ ಕಿತ್ತೊಗದಾನ."

ಒಂದೇ ಉಳಿದದ್ದು ಯಾಕೆಂದು ನನಗೆ ಹೊಳೆಯಲಿಲ್ಲ. ಕಣ್ಣು ಕಳ್ಳನನ್ನು ಹುಡುಕುತ್ತಿತ್ತು. ಬೆರಳು ತಾನಾಗಿ ಹೊಡೆಯಿತು:

usermod -G machine halu

ಪ್ರೋಗ್ರಾಮ್ ಮತ್ತೆ ಶುರು ಮಾಡಿದೆ. ಫೋನು ಬಂತು.

"ತಂಪ ಹತ್ತಿತ್ರಿ! ಹಾಲು ಉಳೀತ್ರಿ!" ಭೀಮಣ್ಣ.

ಪೈಲ್ವಾನರು ನಕ್ಕರು. ಮೇಡಂ ಉಸಿರು ಬಿಟ್ಟು ತಮ್ಮ ಲ್ಯಾಪ್‌ಟಾಪ್ ನೋಡಿದರು.

"ಈರಣ್ಣ... ನನ್ನ ರಿಪೋರ್ಟ್ ಯಾಕ ನಿಂತದ? ನಿನ್ನೆ ಮಧ್ಯಾಹ್ನ ನೀವ ಹಾಕಿ ಕೊಟ್ಟಿದ್ರಲ್ಲ?"

ಮತ್ತೆ ನೋಡಿದೆ. ಈಗ machine ಇತ್ತು. report ಇರಲಿಲ್ಲ.

ಕಿವಿ ಸುಟ್ಟುಕೊಂಡಂತಾಯಿತು ಸಾಹೇಬರೇ.

ನಿನ್ನೆ ಮಧ್ಯಾಹ್ನ halu ಖಾತೆಯನ್ನು report ಗುಂಪಿಗೆ ಸೇರಿಸಿದವನು ನಾನು. ಇದೇ ಆಜ್ಞೆಯಿಂದ. ಬರೀ -G ಅಂದರೆ ಈ ಗುಂಪು ಮಾತ್ರ ಇರಲಿ, ಉಳಿದವು ಹೋಗಲಿ ಎಂದರ್ಥ. ಇರುವುದರ ಜೊತೆ ಸೇರಿಸಲು -aG ಎನ್ನಬೇಕು. ಇಲ್ಲದಿದ್ದರೆ ಹೊಸ ಎಮ್ಮೆ ಕಟ್ಟುವ ಗದ್ದಲದಲ್ಲಿ ಹಳೆಯ ಎಮ್ಮೆಯ ಹಗ್ಗ ಬಿಚ್ಚಿದಂತೆ... ಅದು ಸದ್ದಿಲ್ಲದೆ ಹೋಗಿಬಿಡುತ್ತದೆ. ನಡೆಯುತ್ತಿದ್ದ ಪ್ರೋಗ್ರಾಮಿಗೆ ಹಳೆಯ ಅಧಿಕಾರ ಉಳಿದಿತ್ತು. ಬೆಳಿಗ್ಗೆ ಮತ್ತೆ ಶುರುವಾದಾಗ ಹೊರಗೆ ಬಿತ್ತು.

ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಇದು!

ಶಮಂತ್ ಪರದೆ ನೋಡಿದ. ಆಮೇಲೆ ನನ್ನ ಮುಖ. ಅವನಿಗೂ ತಿಳಿದಿತ್ತು. ಆದರೆ ಕಳ್ಳ ಎನಿಸಿಕೊಂಡವನ ಮಾತು ಯಾರು ಕೇಳುತ್ತಾರೆ?

ಹೊರಗೆ ಬೈಕ್ ನಿಂತ ಸದ್ದು. ಹವಾಲ್ದಾರ!

"ಮೇಡಂ, ಅವರನ್ನ ವಾಪಸ್ ಕಳಸ್ರಿ. ಕೆಡಿಸಿದಾಂವ ನಾನ."

ಮೇಡಂ ನನ್ನನ್ನು ಕಿಟಕಿಯ ಬಳಿಗೆ ಕರೆದರು. ದನಿ ತಗ್ಗಿತು.

"ಹುಚ್ಚೇನ್ರಿ ನಿಮಗ? ಅಂವ ಹೆಂಗೂ ಹೋಗಾಂವ. ನೀವು ಇರಾವ್ರು. ಹೆಸರು ಅವಂದ ಇರ್ಲಿ ಬಿಡ್ರಿ."

ನಾಚಿಕೆಗೇಡು ಯಾವುದು ಗೊತ್ತೇ? ನನ್ನ ತಪ್ಪಲ್ಲ. ಆ ಮಾತು ಕೇಳಿ ಎದೆ ಹಗುರಾಯಿತಲ್ಲ, ಅದು. ಆಗಲಿ ಎನ್ನಲು ಬಾಯಿ ಕೂಡ ತೆರೆದಿತ್ತು.

ಶಮಂತನ ಕೆನ್ನೆಯ ಮೇಲೆ ನನ್ನ ಬೆರಳ ಗುರುತುಗಳು ಇನ್ನೂ ಉಳಿದಿದ್ದವು.

"ಬ್ಯಾಡ್ರಿ ಮೇಡಂ."

ಹವಾಲ್ದಾರನ ಎದುರಿಗೇ ಎಲ್ಲವನ್ನೂ ಹೇಳಿದೆ. ಅವನಿಗೆ ಎಮ್ಮೆಯ ಮಾತಷ್ಟೇ ಅರ್ಥವಾಯಿತು, ಅಷ್ಟು ಸಾಕಿತ್ತು. -aG ಹಾಕಿ report ಸೇರಿಸಿ, ಪ್ರೋಗ್ರಾಮ್ ಮತ್ತೆ ಶುರು ಮಾಡಿ ಎದ್ದೆ.

"ನಾಳಿಂದ ಬರಬ್ಯಾಡ್ರಿ," ಎಂದರು ಮೇಡಂ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಶಮಂತನ ಮುಂದೆ ನಿಂತೆ. "ತಮ್ಮಾ... ತಪ್ಪಾತು."

"ನನಗೆ ಹೇಳ್ಬೇಡಿ ಸಾರ್." ಅವನು ಫೋನ್ ಒತ್ತಿ ನನ್ನ ಕೈಗಿಟ್ಟ. "ಇಂಪನಾಗೆ ಹೇಳಿ."

"ನಾ ಈರಣ್ಣ ರೀ..."

"ಸಿಕ್ಕಿದ್ನಾ ಕಳ್ಳ?"

"ಸಿಕ್ಕಾನ್ರಿ. ನಾನ ಅಂವ. ನಿಮ್ಮ ಯಜಮಾನರದು ಏನೂ ತಪ್ಪಿಲ್ಲ."

ಆ ಕಡೆ ಬಾಗಿಲು ತೆರೆದ ಸದ್ದು... ಮೆಟ್ಟಿಲ ಗದ್ದಲ.

"ಇರಿ, ಸ್ಪೀಕರ್ ಹಾಕಿದೀನಿ. ಎಲ್ರೂ ಇಲ್ಲೇ ಇದಾರೆ. ಬೆಳಿಗ್ಗೆ ಕೂಗಿದಷ್ಟೇ ಜೋರಾಗಿ ಹೇಳಿ. ಮರಾಠಿಯಲ್ಲೇ!"

ಹೇಳಿದೆ. ಪುಣೆಗೆ ಬಂದು ತಲೆ ನರೆತಿದೆ ಸಾಹೇಬರೇ. ನನ್ನ ಮರಾಠಿ ತೊದಲಿದ್ದು ಅದೇ ಮೊದಲು!