ನಲವತ್ತೊಂದು ಲಿಂಕು, ಒಂದು ದೋಣಿ

ಜೆಸಿಬಿಯ ಬಕೆಟ್ಟು ನನ್ನ ತಲೆಯಿಂದ ಎರಡು ಮೊಳ ಮೇಲಿತ್ತು.

ಅದರ ಹಲ್ಲಿಂದ ಒಣಮಣ್ಣು ಕೂದಲ ಮೇಲೆ ಉದುರ್ತಿತ್ತು. ನಾನು ಅಲ್ಲಾಡಲಿಲ್ಲ. ಬಂದರಿನ ದಡಕ್ಕೆ ಎಳೆದಿಟ್ಟ ಸ್ತ್ರಾತಿಸ್ ತಾತನ ದೋಣಿಯ ಮೂತಿ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಬೆನ್ನಿಗೆ ಬ್ಯಾಗು, ಬ್ಯಾಗಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಅರ್ಧ ತಿಂದ ಎಳ್ಳಿನ ಬ್ರೆಡ್ಡು.

"ಅರ್ಗಿರೋ, ಇಳೀತೀಯೋ ಇಲ್ವೋ?" ಜೆಸಿಬಿ ಒಳಗಿಂದ ಪಾಂಡೆಲಿಸ್ ಕೂಗಿದ.

"ಇಳಿಯಲ್ಲ."

"ಆರ್ಡರ್ ಇದೆ ಕಣೇ ನಂಗೆ."

"ಇದ್ರೆ ಮಡಚಿ ಜೇಬಲ್ಲಿಟ್ಕೋ."

ಈ ದ್ವೀಪದಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ, ಯಾರ ಫೈಲು ಮಾಯವಾದರೂ ಕರೆಯೋದು ನನ್ನನ್ನೇ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ನಾಯಿ ಎರಡು ಸಲ ಕಚ್ಚಿದೆ. ಗಿರಾಕಿ ಒಂದು ಸಲ.

ವಿಷಯ ಇಷ್ಟೇ. ಸ್ತ್ರಾತಿಸ್ ತಾತನಿಗೆ ಎಂಬತ್ತೊಂದು. ಇನ್ನು ಬಲೆ ಎಳೆಯೋಕಾಗಲ್ಲ ಅಂತ ಮೀನಿನ ಲೈಸೆನ್ಸು ವಾಪಸ್ ಕೊಟ್ಟ. ಲೈಸೆನ್ಸು ವಾಪಸ್ ಕೊಟ್ಟವರ ದೋಣಿ ಒಡೆದು ಹಾಕಬೇಕು, ಅದು ಕಾನೂನು. ತಪ್ಪಿಸೋಕೆ ಒಂದೇ ದಾರಿ... ಇದು ಕೈಕೆಲಸದ ಹಳೇ ದೋಣಿ, ಇಂಥದ್ದು ಇನ್ನೊಂದಿಲ್ಲ ಅಂತ ಅಥೆನ್ಸಿನ ಕಚೇರಿಗೆ ದಾಖಲೆ ಸಮೇತ ಅರ್ಜಿ ಹೋಗಬೇಕು. ಕೊನೇ ದಿನ ಇವತ್ತು. ಈಸ್ಟರ್ ವಾರದ ಗುರುವಾರ. ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಹಾಕಿದ್ರೆ, ಹಬ್ಬ ಮುಗಿಯೋವರೆಗೂ ಅಲ್ಲಿ ಫೋನೂ ಎತ್ತಲ್ಲ.

ಬಂದರು ಪೊಲೀಸಿನ ಸರಾಂತಿಸ್ ಗಡಿಯಾರ ನೋಡ್ಕೊಂಡ. ಚಿಕ್ಕ ವಯಸ್ಸಿನ ಅಧಿಕಾರಿ, ಟೋಪಿ ಒಂದು ಸೈಜು ದೊಡ್ಡದು.

"ಅಕ್ಕ, ಈಗ ಹನ್ನೊಂದೂ ನಲವತ್ತು. ಒಂದರೊಳಗೆ ಅರ್ಜಿ ತಲುಪಿದ ನಂಬರ್ ತೋರಿಸಿ. ಒಂದು ಹೊಡೀತು ಅಂದ್ರೆ ನನ್ನ ಕೈಲೇನೂ ಇಲ್ಲ."

"ತೋರಿಸ್ತೀನಿ."

"ತೋರಿಸ್ತಾಳಂತೆ!" ಅಂತ ಪಕ್ಕದಲ್ಲಿದ್ದ ಕೊಸ್ಮಾಸ್ ನಕ್ಕ. ಮೇಲಿನ ಕೇರಿಯವನು. ಲಾರಿ ತಂದು ರೆಡಿಯಾಗಿ ನಿಲ್ಲಿಸಿದ್ದ. ಈಸ್ಟರಿನ ಹಿಂದಿನ ಶನಿವಾರ ಗುರುದ್ರೋಹಿ ಯೂದನ ಗೊಂಬೆ ಸುಡ್ತಾರಲ್ಲ, ಆ ಬೆಂಕಿಗೆ ಮರ ಬೇಕಿತ್ತು ಅವನಿಗೆ. ಕೆಳಗಿನ ಕೇರಿಯ ಬೆಂಕಿಗಿಂತ ಎತ್ತರ ಆಗಬೇಕು ಅನ್ನೋದೊಂದೇ ಅವನ ಜೀವನದ ಗುರಿ. ಐವತ್ತು ವರ್ಷ ಸಮುದ್ರ ಕುಡಿದ ಪೈನ್ ಮರ ಚೆನ್ನಾಗಿ ಉರಿಯುತ್ತಂತೆ.

ಸ್ತ್ರಾತಿಸ್ ತಾತ ದೋಣಿಯ ಪಕ್ಕೆಗೆ ಕೈ ಒತ್ತಿಕೊಂಡು ನಿಂತಿದ್ದ. "ಮಗಳೇ, ಇವಳನ್ನ ಒಡೆಯೋದು ನಾನು ನೋಡಲಾರೆ ಕಣಮ್ಮ," ಅಂದ. ಅಷ್ಟೇ ಅಂದದ್ದು. ನಾನು ದೋಣಿಯಿಂದ ಕೆಳಗೆ ಧುಮುಕಿದೆ.

ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿದೆ.

ಅರ್ಜಿ ಇದ್ದದ್ದು ಮಿರ್ಸಿನಿ ಟೀಚರ್ ಮನೇಲಿ. ಶಾಲೆಯಿಂದ ರಿಟೈರ್ ಆದ ಮೇಲೆ ಎರಡು ವರ್ಷ ಕೂತು ಟೈಪ್ ಮಾಡಿದ್ದಾರೆ. ಪ್ರತಿ ಹಲಗೆಯ ಅಳತೆ, ಫೋಟೋ, ಸಾಕ್ಷಿ... ಇನ್ನೂರ ಹನ್ನೆರಡು ಪುಟ. ಬೆಳಿಗ್ಗೆ ಫೋನ್ ಮಾಡಿ ಅತ್ತಿದ್ದರು. ಅರ್ಜಿ ಖಾಲಿಯಾಗಿದೆ ಅಂತ.

ಬಾಗಿಲಲ್ಲೇ ತಡೆದರು.

"ಚಪ್ಪಲಿ ಬಿಡು. ನೆಲ ಒರೆಸಿದ್ದೀನಿ."

"ಟೀಚರ್, ದೋಣಿ ಹೋಗ್ತಿದೆ!"

"ದೋಣಿ ಹೋದ್ರೂ ಚಪ್ಪಲಿ ಬಿಡು."

ಬಿಟ್ಟೆ. ಒಳಗೆ ಸುಣ್ಣದ ವಾಸನೆ. ಕಂಪ್ಯೂಟರ್ ಕೂಡ ಫಳಫಳ. ಅರ್ಜಿ ತೆಗೆದೆ. ಇನ್ನೂರ ಹನ್ನೆರಡು ಪುಟ ಹೋಗಿ ಒಂಬತ್ತು ಪುಟ ಉಳಿದಿತ್ತು. ಅಧ್ಯಾಯದ ಹೆಸರು ಇದೆ, ಕೆಳಗೆ ಬರೀ ಬಿಳಿ. ಲಿಂಕಿನ ಪಟ್ಟಿ ತೆಗೆದರೆ ನಲವತ್ತೊಂದಕ್ಕೂ ಒಂದೇ ಮಾತು... ಫೈಲು ಸಿಗಲಿಲ್ಲ.

ನಾನು ಕುರ್ಚಿ ತಿರುಗಿಸಿದೆ. "ಟೀಚರ್, ನನ್ನ ಮುಖ ನೋಡಿ ಹೇಳಿ. ಏನು ಮಾಡಿದ್ರಿ?"

"ಏನೂ ಮಾಡಿಲ್ಲಮ್ಮ."

"ಮಂಗಳವಾರ ಎಲ್ಲಿದ್ರಿ?"

"ಮನೇಲೇ. ಹಬ್ಬದ ಕ್ಲೀನಿಂಗು. ಪರದೆ ಒಗೆದೆ, ಕಂಬಳಿ ಬಡಿದೆ, ಗೋಡೆಗೆ ಸುಣ್ಣ..."

"ಆಮೇಲೆ?"

ಅವರು ಕೈ ಹಿಸುಕಿಕೊಂಡರು. "ಆಮೇಲೆ... ಎಲ್ಲ ಮುಗೀತಲ್ಲ, ಕಂಪ್ಯೂಟರಿನ ಒಳಗೂ ಒಂದ್ಸಲ ಮಾಡಿಬಿಡೋಣ ಅಂತ..."

ಈ ದ್ವೀಪದ ಹೆಂಗಸರ ವಿಷಯ ನಿನಗೆ ಗೊತ್ತಿಲ್ಲ. ಈಸ್ಟರಿಗೆ ಮುಂಚೆ ಒಂದು ಚಮಚವೂ ಇದ್ದ ಜಾಗದಲ್ಲಿ ಇರಬಾರದು. ಎತ್ತಬೇಕು, ಒರೆಸಬೇಕು, ಬೇರೆ ಕಡೆ ಇಡಬೇಕು. ಆದರೆ ಫೋಲ್ಡರಿಗೆ ಸುಣ್ಣ ಹೊಡೆದವರು ಇವರೊಬ್ಬರೇ.

"ಅಳತೆ, ಫೋಟೋ, ಸಾಕ್ಷಿ ಅಂತ ಮೂರು ಫೋಲ್ಡರ್ ಇತ್ತು. ಎಲ್ಲ ಕಲಸುಮೇಲೋಗರ. ಅದಕ್ಕೇ ಅಕ್ಷರ ಕ್ರಮದಲ್ಲಿ, ನಮ್ಮ ಒಂದೊಂದು ಅಕ್ಷರಕ್ಕೂ ಒಂದರಂತೆ ಇಪ್ಪತ್ನಾಲ್ಕು ಫೋಲ್ಡರ್ ಮಾಡಿ ಹಂಚಿದೆ. ಎಷ್ಟು ಚೆಂದ ಇದೆ ನೋಡು."

ಚೆಂದ ಇತ್ತು ಮಾರಾಯ. ಅದೇ ತೊಂದರೆ.

"ಟೀಚರ್, ಈ ಅರ್ಜಿಯೊಳಗೆ ಅಧ್ಯಾಯ ಇಲ್ಲ, ಬರೀ ವಿಳಾಸ ಇದೆ. ಇಂಥ ಫೋಲ್ಡರಿಗೆ ಹೋಗು, ಇಂಥ ಫೈಲು ತಂದು ತೋರಿಸು ಅಂತ. ನೀವು ಫೈಲುಗಳನ್ನ ಮನೆ ಖಾಲಿ ಮಾಡಿಸಿದ್ರಿ. ಪೋಸ್ಟ್‌ಮ್ಯಾನು ಹಳೇ ಬಾಗಿಲು ತಟ್ಟಿ ತಟ್ಟಿ ವಾಪಸ್ ಹೋಗ್ತಿದ್ದಾನೆ."

"ಅಯ್ಯೋ ದೇವರೇ. ಈಗ?"

"ಈಗ ಕಾಫಿ ಮಾಡಿ."

ಮೊದಲ ಕೆಲಸ, ಕಾಪಿ. ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸ್ಕೊಂಡೆ. ಸತ್ತರೂ ಮೂಲಕ್ಕೆ ಕೈ ಹಾಕಲ್ಲ ನಾನು. ಇಪ್ಪತ್ನಾಲ್ಕು ಫೋಲ್ಡರಿನ ಫೈಲನ್ನೂ ಒಂದೇ ಫೋಲ್ಡರಿಗೆ ಸುರಿದೆ. ಟೀಚರ್ ಕಣ್ಣು ಮುಚ್ಚಿಕೊಂಡರು. ನಲವತ್ತೊಂದು ವಿಳಾಸವನ್ನ ಒಂದೊಂದಾಗಿ ಕೈಯಲ್ಲಿ ತಿದ್ದಿದ್ರೆ ಸಂಜೆ ಆಗ್ತಿತ್ತು. ಆದರೆ ಈ ಥರದ ಫೈಲು ನಿಜಕ್ಕೂ ಒಂದು ಕಟ್ಟು. ಹೆಸರಿನ ಬಾಲ ಜಿಪ್ ಅಂತ ಬದಲಾಯಿಸಿದ್ರೆ ಬಿಚ್ಕೊಳ್ಳುತ್ತೆ. ಹೊಟ್ಟೆ ಸೀಳಿದೆ. ಒಳಗೆ ವಿಳಾಸಗಳು ಸಾಲಾಗಿ ಕೂತಿದ್ವು. ಹುಡುಕು, ಬದಲಾಯಿಸು. ಮೂರು ಹಳೇ ಫೋಲ್ಡರಿನ ಹೆಸರಿನ ಜಾಗಕ್ಕೆ ಹೊಸದರ ಹೆಸರು, ಮೂರು ಏಟು. ಮತ್ತೆ ಕಟ್ಟು ಕಟ್ಟಿ ತೆಗೆದೆ.

ಲಿಂಕುಗಳನ್ನ ಅಪ್‌ಡೇಟ್ ಮಾಡಲಾ ಅಂತ ಕೇಳ್ತು.

ಮಾಡಪ್ಪ.

ಪುಟ ಏರತೊಡಗಿತು. ಒಂಬತ್ತು... ಅರವತ್ತು... ನೂರ ನಲವತ್ತು... ಟೀಚರ್ ನನ್ನ ಭುಜ ಹಿಡ್ಕೊಂಡು ಕುಣಿದರು. ನಾನೂ ಕುಣಿದೆ. ಇಬ್ಬರೂ ಒದ್ದೆ ನೆಲದ ಮೇಲೆ ಜಾರಿ ಸೋಫಾ ಮೇಲೆ ಬಿದ್ವಿ.

ಇನ್ನೂರ ಮೂರಕ್ಕೆ ನಿಂತಿತು.

ನಾನು ಎದ್ದು ಪುಟ ತಿರುಗಿಸಿದೆ. ಮೂರನೇ ಅಧ್ಯಾಯದಲ್ಲಿ ಅಳತೆ. ಏಳನೇದರಲ್ಲೂ ಅದೇ ಒಂದು ಪುಟದ ಅಳತೆ. ಏಳರಲ್ಲಿ ಇರಬೇಕಾದ್ದು ದೋಣಿ ಕಟ್ಟಿದ ಮೇಸ್ತ್ರಿ ಝೆಫೀರಿಸ್‌ನ ಸಾಕ್ಷಿ.

"ಟೀಚರ್. ಝೆಫೀರಿಸ್ ಹೆಸರಲ್ಲಿ ಎರಡು ಫೈಲು ಇತ್ತಾ? ಅಳತೆಯಲ್ಲೊಂದು, ಸಾಕ್ಷಿಯಲ್ಲೊಂದು?"

"ಹೂಂ. ಒಂದೇ ಫೋಲ್ಡರಿಗೆ ಹಾಕುವಾಗ ಏನೋ ಕೇಳ್ತು. ಇದೇ ಹೆಸರಿಂದು ಇದೆ, ಅದರ ಜಾಗಕ್ಕೆ ಇದನ್ನ ಹಾಕಲಾ ಅಂತ."

"ನೀವೇನಂದ್ರಿ?"

"ಹೌದು ಅಂದೆ. ಅಷ್ಟು ವಿನಯವಾಗಿ ಕೇಳ್ತಲ್ಲ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಳತೆ ಬಂದು ಸಾಕ್ಷಿಯನ್ನ ನುಂಗಿಬಿಟ್ಟಿತ್ತು. ಇನ್ನೊಂದು ಸಲ ಸಾಕ್ಷಿ ಕೇಳೋಣ ಅಂದ್ರೆ ಝೆಫೀರಿಸ್ ಚಳಿಗಾಲದಲ್ಲಿ ತೀರಿಹೋದ. ಕಟ್ಟಿದವನ ಸಾಕ್ಷಿ ಇಲ್ಲದ ಅರ್ಜಿ ತಿರಸ್ಕೃತ ಅಂತ ಕಚೇರಿಯವರು ನಿಯಮದ ಮೊದಲ ಸಾಲಲ್ಲೇ ಬರೆದಿದ್ದಾರೆ.

"ಬೇರೆ ಎಲ್ಲಾದ್ರೂ ಇದೆಯಾ? ಯೋಚನೆ ಮಾಡಿ."

"ಹಳೇ ಲ್ಯಾಪ್‌ಟಾಪಲ್ಲಿ ಇರಬೇಕು. ಹೋದ ವರ್ಷ ಅದರಲ್ಲೇ ಬರ್ಕೊಂಡಿದ್ದು."

"ಎಲ್ಲಿ ಅದು?"

ಟೀಚರ್ ನೆಲ ನೋಡಿದರು. "ಮನೇಲಿ ಬಳಸದೇ ಇರೋದನ್ನ ಹಬ್ಬಕ್ಕೆ ಮುಂಚೆ ಯಾರಿಗಾದ್ರೂ ಕೊಡಬೇಕಲ್ಲಮ್ಮ. ಪಾದ್ರಿಗಳ ಹೆಂಡತಿ ಕ್ರಿಸಾಂಥಿಗೆ ಕೊಟ್ಟೆ."

ಹನ್ನೆರಡೂ ಇಪ್ಪತ್ತೈದು. ಪಾದ್ರಿಗಳ ಮನೆ ಗುಡ್ಡದ ಮೇಲೆ.

"ಟೀಚರ್, ನೀವು ಬಂದರಿಗೆ ಹೋಗಿ. ಪಾಂಡೆಲಿಸ್‌ನ ತಡೀರಿ. ಹೇಗಾದ್ರೂ!"

ಚಪ್ಪಲಿ ಹಾಕ್ಕೊಂಡೆನಾ? ಇಲ್ಲ.

ಗುಡ್ಡದ ಓಣಿ ಹತ್ತಿದೆ. ಬಂದರಿಂದ ನನ್ನ ಹಿಂದೆಯೇ ಬಂದಿದ್ದ ಕೊಸ್ಮಾಸ್‌ನ ಲಾರಿ ತಿರುವಲ್ಲಿ ಅಡ್ಡ ನಿಂತಿತ್ತು. ಅವನು ಬಾನೆಟ್ ಮೇಲೆ ಕೂತು ಬೀಜ ಸುಲೀತಿದ್ದ.

"ಲಾರಿ ಕೆಟ್ಟಿದೆ," ಅಂದ.

"ಯಾವಾಗ ಕೆಡ್ತು?"

"ನಿನ್ನ ಸ್ಕೂಟರ್ ಸದ್ದು ಕೇಳಿದಾಗ."

"ಕೊಸ್ಮಾಸ್, ನಿನ್ನ ಫೋನು ಹೋದ ತಿಂಗಳು ರಿಪೇರಿ ಮಾಡಿದ್ದು ಯಾರು?"

"ನೀನೇ."

"ಅದರಲ್ಲಿ ಏನೇನಿತ್ತು ಅಂತ ನಿನ್ನ ಹೆಂಡತಿಗೆ ಹೇಳ್ಲಾ?"

ಅವನು ಬಾನೆಟ್ಟಿಂದ ಕೆಳಗೆ ಹಾರಿದ. ನಿಜ ಹೇಳಬೇಕಂದ್ರೆ ಅದರಲ್ಲಿ ಇದ್ದದ್ದು ಮುನ್ನೂರು ಬೆಂಕಿಯ ಫೋಟೋ. ಅವನಿಗೆ ಇನ್ನೇನು ನೆನಪಾಯ್ತೋ ಗೊತ್ತಿಲ್ಲ. ಲಾರಿ ತಕ್ಷಣ ಸರಿಹೋಯ್ತು... ಆದರೆ ಹಿಂದಕ್ಕೆ ಹೋಗೋ ಬದಲು ಮುಂದಕ್ಕೆ ಹೋಗಿ ಗೋಡೆಗೆ ಗುದ್ದಿ ಅಲ್ಲೇ ಸಿಕ್ಕಿಕೊಂಡಿತು!

ನಾನು ಪಕ್ಕದ ಮೆಟ್ಟಿಲಿಗೆ ಸ್ಕೂಟರ್ ಹತ್ತಿಸಿದೆ. ಎರಡೂ ಕಡೆ ಒಣಗೋಕೆ ಹಾಕಿದ್ದ ಕಂಬಳಿ, ಜಮಖಾನ. ಒಂದು ಮುಖಕ್ಕೆ ಸುತ್ಕೊಂಡಿತು. ಕಣ್ಣು ಕಾಣದೆ ಹದಿನಾಲ್ಕು ಮೆಟ್ಟಿಲು ಹತ್ತಿದೆ. ನಗು ತಡೆಯೋಕಾಗ್ಲಿಲ್ಲ. ಹಿಂದಿಂದ ಯಾರೋ ಹೆಂಗಸು ನನ್ನ ಏಳು ತಲೆಮಾರನ್ನೂ ನೆನೆಸಿಕೊಂಡಳು.

ಪಾದ್ರಿಗಳ ಮನೆ ಅಂಗಳದಲ್ಲಿ ದೊಡ್ಡ ಪಾತ್ರೆ, ಒಳಗೆ ಕೆಂಪು ನೀರು. ಈ ಗುರುವಾರ ತಾನೇ ಈಸ್ಟರ್ ಮೊಟ್ಟೆಗೆ ಬಣ್ಣ ಹಾಕೋದು. ಕ್ರಿಸಾಂಥಿ ಮೊಣಕೈವರೆಗೂ ಕೆಂಪಾಗಿ ಎದ್ದು ನಿಂತಳು. ಕೊಲೆ ಮಾಡಿ ಬಂದವಳ ಹಾಗಿದ್ದಳು.

"ಟೀಚರ್ ಕೊಟ್ಟ ಲ್ಯಾಪ್‌ಟಾಪ್ ಎಲ್ಲಿ?"

"ಅಗೋ, ಅಲ್ಲಿ."

ಬೆಂಚಿನ ಮೇಲಿತ್ತು. ಮುಚ್ಚಿದ ಲ್ಯಾಪ್‌ಟಾಪಿನ ಬೆನ್ನ ಮೇಲೆ ಮೂವತ್ತು ಮೊಟ್ಟೆ ಒಣಗ್ತಿದ್ವು.

"ಎತ್ತು, ಎತ್ತು."

"ಬಣ್ಣ ಹಸಿ ಇದೆ ಕಣೇ, ಗುರುತು ಬೀಳುತ್ತೆ."

"ಕ್ರಿಸಾಂಥಿ, ಸ್ತ್ರಾತಿಸ್ ತಾತನ ದೋಣಿ ಇದರೊಳಗಿದೆ."

ಅವಳು ತಕ್ಷಣ ಬಗ್ಗಿದಳು. ಸೆರಗಿನಂತೆ ಏಪ್ರನ್ ಎತ್ತಿ ಮೂವತ್ತನ್ನೂ ಬಾಚಿಕೊಂಡಳು. ನಾನು ತೆಗೆದೆ. ಮುದಿ ಯಂತ್ರ, ಗೊರಗೊರ ಅಂತ ಎದ್ದಿತು. ಸಾಕ್ಷಿ ಫೋಲ್ಡರ್. ಝೆಫೀರಿಸ್. ಹತ್ತು ಪುಟ. ಮೊದಲ ಸಾಲು ಓದಿದೆ. 'ಈ ದೋಣಿಗೆ ನಾನು ನಕ್ಷೆ ಹಾಕಲಿಲ್ಲ. ಸ್ತ್ರಾತಿಸ್‌ನ ಅಮ್ಮ ಸಮುದ್ರದ ದಂಡೆ ಮೇಲೆ ಕೋಲಲ್ಲಿ ಗೀಚಿ ತೋರಿಸಿದಳು.'

ಕಣ್ಣು ತುಂಬಿ ಬಂತು. ಒರೆಸ್ಕೊಂಡೆ. ಪೆನ್‌ಡ್ರೈವಿಗೆ ಹಾಕಿ ಓಡಿದೆ. ಹನ್ನೆರಡೂ ನಲವತ್ತೆರಡು.

ಬಂದರಿಗೆ ಬಂದರೆ ಜೆಸಿಬಿ ಗುಡುಗ್ತಿತ್ತು. ಬಕೆಟ್ಟು ಮೇಲೆ. ಆದರೆ ಪಾಂಡೆಲಿಸ್ ಸೀಟಲ್ಲಿ ಇರಲಿಲ್ಲ. ಕೆಳಗೆ ನಿಂತಿದ್ದ, ಕೈ ಕಟ್ಕೊಂಡು. ಐವತ್ತು ವರ್ಷದ ಆಳು. ಎದುರಿಗೆ ಟೀಚರ್.

"ಆರನೇ ಕ್ಲಾಸಲ್ಲಿ ನಿನ್ನ ಪಾಸು ಮಾಡಿದ್ಯಾರು?"

"ನೀವೇ, ಟೀಚರ್."

"ಎಷ್ಟು ನಂಬರ್ ಬಂದಿತ್ತು?"

"ಟೀಚರ್, ಎಲ್ಲರ ಮುಂದೆ ಬೇಡ..."

"ಜೋರಾಗಿ ಹೇಳು."

ನಾನು ಸದ್ದಿಲ್ಲದೆ ದೋಣಿ ಹತ್ತಿ ಒಳಗೆ ಕೂತೆ. ಸಾಕ್ಷಿಗೆ ಬೇರೆ ಹೆಸರಿಟ್ಟೆ, ಇನ್ನೊಂದು ಸಲ ಒಂದನ್ನೊಂದು ನುಂಗಬಾರದು ಅಂತ. ಏಳನೇ ಲಿಂಕಿನ ವಿಳಾಸ ಕೈಯಾರೆ ತಿದ್ದಿದೆ. ಇನ್ನೂರ ಹನ್ನೆರಡು ಪುಟ. ಪೂರ್ತಿ. ಆಮೇಲೆ ನಲವತ್ತೊಂದು ಲಿಂಕನ್ನೂ ಕಡಿದು ಎಲ್ಲವನ್ನೂ ಒಳಗೇ ಹೊಲಿದೆ. ಪಿಡಿಎಫ್ ಮಾಡಿ, ಫೋನಿನ ನೆಟ್ಟಿಗೆ ಕಟ್ಟಿ, ಕಳಿಸಿದೆ.

ಹನ್ನೆರಡೂ ಐವತ್ತಾರು. ಗೆರೆ ತೆವಳ್ತಾ ಹೋಯ್ತು. ಅರ್ಧ... ಮುಕ್ಕಾಲು...

ಕೊಸ್ಮಾಸ್ ಏದುಸಿರು ಬಿಡ್ತಾ ನಡ್ಕೊಂಡೇ ಬಂದ. "ಇನ್ನೂ ಒಡೆದಿಲ್ವಾ? ಗಂಟೆ ಆಯ್ತು!"

"ಎರಡು ನಿಮಿಷ ಇದೆ," ಅಂದ ಸರಾಂತಿಸ್. ಟೋಪಿ ತೆಗೆದು ಬೆವರು ಒರೆಸ್ಕೊಂಡ. "ಅಕ್ಕ, ನಂಬರ್ ಬಂತಾ?"

"ಹೋಯ್ತು. ಬರಬೇಕು."

ಎಲ್ಲರೂ ನನ್ನ ಫೋನನ್ನೇ ನೋಡಿದ್ವಿ. ಸ್ತ್ರಾತಿಸ್ ತಾತ ಮಾತ್ರ ದೋಣಿ ನೋಡ್ತಿದ್ದ.

ಟಿಣ್.

ಅರ್ಜಿ ತಲುಪಿದೆ, ನಂಬರ್ ಇಂತಿಷ್ಟು, ಸಮಯ ಹನ್ನೆರಡೂ ಐವತ್ತೊಂಬತ್ತು. ಸರಾಂತಿಸ್ ಎರಡು ಸಲ ಓದಿದ. ತನ್ನ ಕೈಲಿದ್ದ ಆರ್ಡರ್ ಮೇಲೆ ಅಡ್ಡಗೆರೆ ಎಳೆದ. "ಅಥೆನ್ಸಿಂದ ತೀರ್ಮಾನ ಬರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

ಪಾಂಡೆಲಿಸ್ ಓಡಿಹೋಗಿ ಬಕೆಟ್ಟು ಇಳಿಸಿದ. ಇಳಿಸಿ ಬಂದು ತಾತನ ಕೈ ಹಿಡ್ಕೊಂಡು ಗೊಳೋ ಅಂತ ಅತ್ತ. ಬೆಳಿಗ್ಗೆಯಿಂದ ತಡ್ಕೊಂಡಿದ್ದನಂತೆ. ತಾತ ಅವನ ಬೆನ್ನು ತಟ್ಟಿದ. ಕೊಸ್ಮಾಸ್ ಕೂಡ ನಿಂತು ನೋಡಿ, ಮೂಗು ಸೀಟಿ, ಲಾರಿ ಎಳೆಯೋಕೆ ಹಗ್ಗ ಕೊಡ್ತೀರಾ ಅಂತ ಕೇಳಿದ.

ಟೀಚರನ್ನ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಮನೆಗೆ ಹೊರಟೆ. ಅರ್ಧ ದಾರೀಲಿ ಭುಜ ತಟ್ಟಿದರು.

"ಅರ್ಗಿರೋ, ಬೈಬೇಡ. ನಿನ್ನ ಹಾಗೆ ಎಲ್ಲ ಫೈಲನ್ನೂ ಒಂದೇ ಕಡೆ ಗುಡ್ಡೆ ಹಾಕಿದ್ರೆ ನೋಡೋಕಾಗಲ್ಲ ಕಣಮ್ಮ. ಅಕ್ಷರ ಕ್ರಮವೂ ಬೇಡ ಅಂದ್ರೆ... ಸಂಜೆ ಕೂತು ಬಣ್ಣದ ಪ್ರಕಾರ ಜೋಡಿಸ್ಲಾ?"

ನಾನು ಸ್ಕೂಟರ್ ಜೋರು ಮಾಡಿದೆ. ಅವರನ್ನ ಇಳಿಸಿ, ಕಾಲು ಒರೆಸ್ಕೊಂಡು ಒಳಗೆ ಹೋಗಿ, ನೀರು ಕುಡಿದು, ಕಂಪ್ಯೂಟರಿನ ಕರೆಂಟ್ ವೈರು ಕಿತ್ತು ಬ್ಯಾಗಿಗೆ ಹಾಕ್ಕೊಂಡು ಬಂದೆ.

ಅಥೆನ್ಸಿನ ತೀರ್ಮಾನ ಬರೋಕೆ ಎರಡು ತಿಂಗಳು. ಅಲ್ಲೀವರೆಗೂ ಟೀಚರ್ ಬರೀ ಗೋಡೆ ಒರೆಸ್ಕೊಂಡಿರಲಿ.