ಆರೋಗ್ಯವಾಗಿದ್ದಾರೆ

ಮೇದೋಜೀರಕ ಗ್ರಂಥಿಯಲ್ಲಿ ಅಪರೂಪದ ಗಡ್ಡೆಯಾಗಿ ಆಪರೇಷನ್ ಮಾಡಿಸಿಕೊಂಡವರಿಗೆ ವರ್ಷಕ್ಕೊಮ್ಮೆ ಫೋನ್ ಮಾಡಿ, ಹೇಗಿದ್ದಾರೆಂದು ಬರೆದಿಡುವುದು ನನ್ನ ಕೆಲಸ. ಆಪರೇಷನ್ ಆದ ನಾಲ್ಕನೆಯ ವರ್ಷ, ಬಟ್ಟೆ ಹೊಲಿಯುತ್ತಿದ್ದ ಒಬ್ಬಾಕೆ ತೀರಿಕೊಂಡಳೆಂದು ಅವಳ ಗಂಡ ಹೇಳಿದ.

"ಇವಳೊಬ್ಬಳಿಂದ ನನ್ನ ಹೆಸರು ಕೆಡಬೇಕೇನಮ್ಮ? ಆರೋಗ್ಯವಾಗಿದ್ದಾರೆ ಅಂತ ಬರಿ," ಎಂದರು ಅವಳ ಆಪರೇಷನ್ ಮಾಡಿದ್ದ ಸರ್ಜನ್. ಬರೆದೆ.

ಬದುಕಿರುವವರ ಪಟ್ಟಿಯಲ್ಲಿ ಮರುವರ್ಷವೂ ಅವಳ ನಂಬರಿತ್ತು. ಅಭ್ಯಾಸಬಲದಿಂದ ಒತ್ತಿಬಿಟ್ಟೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಚೆನ್ನಾಗಿದ್ದೀನಿ ಅಕ್ಕ, ನೀವೇ ಬರ್ದಿದ್ದೀರಲ್ಲ. ಡಾಕ್ಟ್ರ ಹೊಟ್ಟೆನೋವು ಹೇಗಿದೆ?"

ನಾನು ಹೇಳಿದ್ದನ್ನು ಕೇಳಿ ಸರ್ಜನ್ ನಕ್ಕರು. ತಿಂಗಳೊಳಗೆ ಅವರಿಗೂ ಅದೇ ಜಾಗದಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆಯಿತು, ವರ್ಷ ತುಂಬುವ ಮೊದಲೇ ಹೋದರು.

ನಿಯಮದಂತೆ ನಿನ್ನೆ ಅವರ ಮನೆಗೆ ಫೋನ್ ಮಾಡಿದೆ. ಹೊಲಿಗೆ ಯಂತ್ರದ ಸದ್ದು ನಿಂತಿತು.

"ಆರೋಗ್ಯವಾಗಿದ್ದಾರೆ ಅಂತ ಬರ್ಕೊಳ್ಳಿ ಅಕ್ಕ. ನಿಮಗೆ ಗೊತ್ತಿರೋ ಕೆಲಸಾನೇ ಅಲ್ವಾ?"